ಬೆಂಗಳೂರಿಗೆ ಬಂದ ಮೇಲೆ ಕುಸಿದ ಮೈಲೇಜ್: ಚಾಲನೆಯಲ್ಲಿ ಏನು ತಿದ್ದಿಕೊಳ್ಳಬೇಕು, ಕಾರಿನಲ್ಲಿ ಏನು ನೋಡಿಸಬೇಕು?

ಪ್ರಶ್ನೆ: ಪುತ್ತೂರಿನವ, ಈಗ ಜಯನಗರ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿರುವುದು 2018ರಲ್ಲಿ ಕೊಂಡ, 1.2 ಲೀಟರ್ ಪೆಟ್ರೋಲ್ ಎಂಜಿನ್‌ನ, ಮ್ಯಾನ್ಯುವಲ್ ಗೇರಿನ ಸಣ್ಣ ಕಾರು. ಪುತ್ತೂರಿನಲ್ಲಿದ್ದಷ್ಟು ಕಾಲ, ಆಗಾಗ ಮಂಗಳೂರಿಗೆ ಹೋಗಿಬರುವುದೂ ಸೇರಿ, ಲೀಟರಿಗೆ ಹದಿನೇಳರಿಂದ ಹದಿನೆಂಟು ಕಿಲೋಮೀಟರ್ ಸಿಗುತ್ತಿತ್ತು. ಕೆಲಸದ ನಿಮಿತ್ತ ಬೆಂಗಳೂರಿಗೆ ಬಂದು, ಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಹೊರವರ್ತುಲ ರಸ್ತೆಯಲ್ಲಿ ಬೆಳ್ಳಂದೂರಿನವರೆಗೆ ದಿನವೂ ಓಡಾಡಲು ತೊಡಗಿದ ಮೇಲೆ ಅದು ಹನ್ನೊಂದು ಹನ್ನೆರಡಕ್ಕೆ ಇಳಿದಿದೆ. ನಗರದ ದಟ್ಟಣೆಯಲ್ಲಿ ಸ್ವಲ್ಪ ಇಳಿಯುವುದು ಸಹಜವೆಂದು ಬಲ್ಲೆ. ಆದರೆ ಮೂರನೇ ಒಂದು ಭಾಗದಷ್ಟು ಇಳಿಯುವುದು ಸಹಜವೇ, ಅಥವಾ ಕಾರಿನಲ್ಲೇ ಏನಾದರೂ ದೋಷ ಸೇರಿಕೊಂಡಿದೆಯೇ ಎಂಬುದು ತಿಳಿಯುತ್ತಿಲ್ಲ.

ಕೇಳಿದವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹತ್ತಿರದ ಗ್ಯಾರೇಜಿನವರು ಗಾಡಿ ಹಳೆಯದಾಗಿರುವುದರಿಂದ ಸ್ವಲ್ಪ ದಪ್ಪನೆಯ ಎಂಜಿನ್ ಆಯಿಲ್ ಹಾಕಿಸಿ, ಏರ್ ಫಿಲ್ಟರ್ ಬದಲಿಸಿ, ಜೊತೆಗೆ ಟ್ಯಾಂಕಿಗೆ ಸುರಿಯುವ ಒಂದು ಬಾಟಲಿ ದ್ರಾವಣವನ್ನೂ ಕೊಳ್ಳಿ ಎನ್ನುತ್ತಾರೆ. ಬಹಳ ವರ್ಷಗಳಿಂದ ಘಾಟಿಯಲ್ಲಿ ಗಾಡಿ ಓಡಿಸಿರುವ ನನ್ನ ಮಾವನವರು, ಊರಿಗೆ ಬರುವಾಗ ಶಿರಾಡಿಯ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಸಾಕಷ್ಟು ಉಳಿಯುತ್ತದೆ ಎನ್ನುತ್ತಾರೆ. ಎ.ಸಿ. ಹಾಕಲೇಬಾರದು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದರಿಂದ ಎಷ್ಟು ಉಳಿಯುತ್ತದೆ ಎಂಬುದನ್ನು ಅನುಭವವುಳ್ಳವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.


ಉತ್ತರ 1: ಗ್ಯಾರೇಜ್ ನಡೆಸುವವರು, ಹಾಸನ

ಮೊದಲು ಅಳತೆಯನ್ನು ಖಚಿತಪಡಿಸಿಕೊಳ್ಳಿ. ಮೀಟರಿನ ಪರದೆಯಲ್ಲಿ ಕಾಣುವ ಸರಾಸರಿ ಅನೇಕ ಕಾರುಗಳಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆಯಾದ್ದರಿಂದ, ಅದನ್ನು ನೆಚ್ಚಿಕೊಂಡು ಹಿಂದಿನದಕ್ಕೂ ಇಂದಿನದಕ್ಕೂ ಹೋಲಿಕೆ ಮಾಡಬೇಡಿ. ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ ಟ್ಯಾಂಕ್ ತುಂಬಿಸಿ, ನಳಿಗೆ ಮೊದಲ ಸಲ ತಾನಾಗಿಯೇ ನಿಂತಾಗ ಅಲ್ಲಿಗೇ ಬಿಟ್ಟು, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಮತ್ತೆ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ. ಮೂರು ನಾಲ್ಕು ಸಲ ಹೀಗೆ ಬರೆದಿಟ್ಟುಕೊಂಡರೆ ನಂಬಬಹುದಾದ ಲೆಕ್ಕ ಸಿಗುತ್ತದೆ. ನಳಿಗೆ ನಿಂತ ಮೇಲೂ ಕುತ್ತಿಗೆಯವರೆಗೆ ತುಂಬಿಸುವ ಅಭ್ಯಾಸವಿದ್ದರೆ ಬಿಡಿ. ಲೆಕ್ಕ ತಪ್ಪುವುದರ ಜೊತೆಗೆ, ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಗೆ ದ್ರವ ನುಗ್ಗಿ ಅದು ಹಾಳಾಗುತ್ತದೆ.

ಕಂಪನಿಯವರು ಹೇಳುವ ಅಂಕಿಯೊಂದಿಗೂ ಹೋಲಿಸಿಕೊಳ್ಳಬೇಡಿ. ಅದು ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ, ನಿಗದಿತ ವೇಗದ ಏರಿಳಿತದಲ್ಲಿ ಕಾರನ್ನು ಓಡಿಸಿ ಪಡೆದ ಅಂಕಿ. ಅಲ್ಲಿ ಸಿಲ್ಕ್ ಬೋರ್ಡ್ ಇರುವುದಿಲ್ಲ.

ಇನ್ನು ಕಾರಿನ ವಿಚಾರ. ಮೈಲೇಜ್ ಇಳಿದಿದೆ ಎಂದು ಬರುವ ಗಾಡಿಗಳಲ್ಲಿ ನಾನು ಎಂಜಿನ್ ತೆರೆಯುವ ಮೊದಲು ನೋಡುವುದು ಚಕ್ರಗಳನ್ನು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು, ಕಾರನ್ನು ಒಬ್ಬರೇ ತಳ್ಳಿ ನೋಡಿ. ಸಣ್ಣ ಕಾರು ಹೆಚ್ಚು ಶ್ರಮವಿಲ್ಲದೆ ಉರುಳಬೇಕು. ತಳ್ಳುವುದು ಕಷ್ಟವಾದರೆ, ಅಥವಾ ಉರುಳಿದ ಕೂಡಲೇ ನಿಂತುಬಿಟ್ಟರೆ, ಯಾವುದೋ ಚಕ್ರದಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ. ನಿಮ್ಮ ಕಾರು ವರ್ಷಗಟ್ಟಲೆ ಕರಾವಳಿಯ ಮಳೆಯಲ್ಲಿ ಓಡಿದ್ದು. ಆ ತೇವಕ್ಕೆ, ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಮುಂದಿನ ಕ್ಯಾಲಿಪರಿನ ಪಿನ್ನುಗಳ ಗ್ರೀಸ್ ಹೋಗಿ ತುಕ್ಕು ಹಿಡಿಯುವುದೂ, ಹಿಂದಿನ ಡ್ರಮ್ಮಿನಲ್ಲಿ ಹ್ಯಾಂಡ್‌ಬ್ರೇಕಿನ ಕೇಬಲ್ ಬಿಗಿಯಾಗಿಯೇ ಉಳಿಯುವುದೂ ತೀರಾ ಸಾಮಾನ್ಯ. ಬ್ರೇಕನ್ನು ಹೆಚ್ಚು ಬಳಸದೆ ಕೆಲವು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ, ಪ್ರತಿ ಚಕ್ರದ ರಿಮ್ಮಿನ ಬಳಿ ಕೈ ಹಿಡಿದು ನೋಡಿದರೆ ಹಿಡಿದುಕೊಂಡಿರುವ ಚಕ್ರದ ಬಿಸಿ ತಾನೇ ಗೊತ್ತಾಗುತ್ತದೆ. ಮುಟ್ಟುವ ಅವಸರ ಬೇಡ, ಸುಡುತ್ತದೆ. ಈ ದೋಷ ಸರಿಪಡಿಸಲು ತಗಲುವ ಖರ್ಚು ಕಡಿಮೆ. ಹಾಗೇ ಬಿಟ್ಟರೆ ಪೆಟ್ರೋಲಿನ ಜೊತೆಗೆ ಬ್ರೇಕ್ ಪ್ಯಾಡ್, ಡಿಸ್ಕ್, ಬೇರಿಂಗ್ ಎಲ್ಲವೂ ಹೋಗುತ್ತವೆ.

ಟೈರಿನ ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಸರಿ. ಬಂಕಿನ ಹುಡುಗ ಎಲ್ಲ ಕಾರುಗಳಿಗೂ ಒಂದೇ ಅಂಕಿ ಹಾಕುವುದಕ್ಕೆ ಒಪ್ಪಬೇಡಿ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ, ನಾಲ್ಕೂ ಟೈರುಗಳ ಸರಾಸರಿ ಒತ್ತಡ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇಕಡಾ 0.2ರಷ್ಟು ಇಳಿಯುತ್ತದೆ. 33 ಇರಬೇಕಾದಲ್ಲಿ 25 ಇದ್ದರೂ ನಷ್ಟ ಶೇಕಡಾ ಎರಡರೊಳಗೇ ಎನ್ನಿ. ಆದ್ದರಿಂದ ಗಾಳಿಯೊಂದರಿಂದಲೇ ನಿಮ್ಮ ಸಮಸ್ಯೆ ಬಗೆಹರಿಯದು, ಆದರೆ ಟೈರಿನ ಬಾಳಿಕೆಗೂ ಬ್ರೇಕ್ ಹಾಕಿದಾಗಿನ ಹಿಡಿತಕ್ಕೂ ಅದು ಬೇಕೇ ಬೇಕು. ಮೈಲೇಜಿನ ಆಸೆಗೆ ಚೀಟಿಯಲ್ಲಿರುವುದಕ್ಕಿಂತ ಬಹಳ ಹೆಚ್ಚು ಹಾಕಿಸಿದರೆ ಮಳೆಯ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ನೈಟ್ರೋಜನ್ ಗಾಳಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ.

ದಪ್ಪ ಆಯಿಲ್ ಬೇಡ. ಆಯಿಲ್ ಎಷ್ಟು ತೆಳು ಎಂಬುದನ್ನು ಹೇಳುವ ಗುರುತು ಕಾರಿನ ಕೈಪಿಡಿಯಲ್ಲಿ 0ಡಬ್ಲ್ಯೂ-20 ಎಂದಿದ್ದರೆ ಅದನ್ನೇ, 5ಡಬ್ಲ್ಯೂ-30 ಎಂದಿದ್ದರೆ ಅದನ್ನೇ ಹಾಕಿಸಿ. ಇಂದಿನ ಎಂಜಿನ್ನುಗಳ ಒಳಗಿನ ಸಂದುಗಳನ್ನೂ ಆಯಿಲ್ ಪಂಪನ್ನೂ ಆ ತೆಳುವಿಗೆ ಹೊಂದುವಂತೆ ಮಾಡಿರುತ್ತಾರೆ. ಅದಕ್ಕಿಂತ ದಪ್ಪನೆಯದು ಹಾಕಿದರೆ ಎಂಜಿನ್ ತನ್ನದೇ ಎಣ್ಣೆಯನ್ನು ಕಡೆಯಲು ಶಕ್ತಿ ವ್ಯಯಿಸಬೇಕಾಗುತ್ತದೆ. ಬಾಟಲಿಯ ದ್ರಾವಣವನ್ನೂ ಕೊಳ್ಳಬೇಡಿ. ಸ್ಪಾರ್ಕ್ ಪ್ಲಗ್ಗುಗಳು ಕೈಪಿಡಿಯ ಲೆಕ್ಕದಂತೆ ಬದಲಾಗಿವೆಯೇ ನೋಡಿಸಿ, ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಇಷ್ಟಾದ ಮೇಲೂ ಲೆಕ್ಕ ಹಾಗೆಯೇ ಇದ್ದರೆ ಸ್ಕ್ಯಾನರ್ ಹಾಕಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ದೋಷವೇನಾದರೂ ದಾಖಲಾಗಿದೆಯೇ ಪರೀಕ್ಷಿಸಬೇಕು.


ಉತ್ತರ 2: ಹೊರವರ್ತುಲ ರಸ್ತೆಯ ನಿತ್ಯ ಪ್ರಯಾಣಿಕ, ಮಹದೇವಪುರ

ಹಾಸನದವರು ಹೇಳಿದ್ದನ್ನೆಲ್ಲ ಮಾಡಿಸಿ. ಆದರೆ ನೀವು ಓಡಾಡುವ ದಾರಿಯನ್ನು ಚೆನ್ನಾಗಿ ಬಲ್ಲ ನನಗೆ, ಕಾರು ಪೂರ್ತಿ ಸರಿಯಾಗಿದ್ದರೂ ಆ ದಾರಿಯಲ್ಲಿ ಹದಿಮೂರು ಹದಿನಾಲ್ಕರ ಮೇಲೆ ಸಿಗುವುದು ಕಷ್ಟವೆನಿಸುತ್ತದೆ. ಕಾರಣ ಸರಳ: ಚಕ್ರ ತಿರುಗದಿದ್ದಾಗಲೂ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ. ಎ.ಸಿ. ಹಾಕಿಕೊಂಡು ನಿಂತಿರುವ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಒಂದು ಲೀಟರಿನ ಆಸುಪಾಸು ಸುಡುತ್ತದೆ. ಹದಿಮೂರು ಕಿಲೋಮೀಟರಿನ ದಾರಿಯಲ್ಲಿ ಎಲ್ಲ ಸಿಗ್ನಲ್ಲು, ಎಲ್ಲ ಜಾಮು ಸೇರಿ ಇಪ್ಪತ್ತು ನಿಮಿಷ ನಿಂತಿರಿ ಎಂದುಕೊಳ್ಳಿ. ಲೀಟರಿನ ಮೂರನೇ ಒಂದು ಭಾಗ ಒಂದು ಅಡಿಯೂ ಮುಂದೆ ಹೋಗದೆ ಖರ್ಚಾಗಿರುತ್ತದೆ. ತೆರವಾದ ರಸ್ತೆಯಲ್ಲಿ ಅಷ್ಟೇ ಪೆಟ್ರೋಲಿಗೆ ಐದಾರು ಕಿಲೋಮೀಟರ್ ಹೋಗಬಹುದಿತ್ತು.

ಹಾಗಾಗಿ ನಗರದಲ್ಲಿ ಉಳಿತಾಯಕ್ಕೆ ಇರುವ ಮೊದಲ ದಾರಿ ಹೊರಡುವ ಹೊತ್ತನ್ನು ಬದಲಿಸಿಕೊಳ್ಳುವುದು. ಕಚೇರಿ ಒಪ್ಪಿದರೆ ಬೆಳಗ್ಗೆ ಒಂದು ಗಂಟೆ ಮೊದಲು ಹೊರಟು ಸಂಜೆ ಬೇಗ ಮರಳುವುದಕ್ಕೆ ಸಮನಾದ ಉಪಾಯ ಬೇರೊಂದಿಲ್ಲ. ಯಾವ ಬಿಡಿಭಾಗ ಬದಲಿಸಿದರೂ ಅಷ್ಟು ಲಾಭ ಬಾರದು. ಎರಡನೆಯದು, ಸೆಕೆಂಡುಗಳ ಎಣಿಕೆ ತೋರಿಸುವ ಸಿಗ್ನಲ್ಲುಗಳಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿದಿದ್ದರೆ ಎಂಜಿನ್ ಆರಿಸುವುದು. ಮತ್ತೆ ಚಾಲೂ ಮಾಡಲು ಬಹಳ ಪೆಟ್ರೋಲ್ ಬೇಕೆಂಬ ನಂಬಿಕೆ, ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಸಾಧನವಾದ ಕಾರ್ಬ್ಯುರೇಟರಿನ ಕಾಲದ್ದು. ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರಿರುವ, ಬಿಸಿಯಾದ ಎಂಜಿನ್ನಿಗೆ ಅದಕ್ಕೆ ಬೇಕಾಗುವುದು ಹತ್ತು ಸೆಕೆಂಡು ಸುಮ್ಮನೆ ಓಡುವಾಗ ಸುಡುವಷ್ಟೂ ಇಲ್ಲ. ನಾನು ಅರ್ಧ ನಿಮಿಷವೆಂದದ್ದು ಬ್ಯಾಟರಿಗೂ ಸ್ಟಾರ್ಟರ್ ಮೋಟಾರಿಗೂ ಅನಗತ್ಯ ಹೊರೆ ಬೀಳದಿರಲೆಂದು. ನಿಮ್ಮ ಬ್ಯಾಟರಿ ಹಳೆಯದಾಗಿದ್ದರೆ, ಮೇಲ್ಸೇತುವೆಯ ಏರಿನಲ್ಲಿ ಅಥವಾ ಮೆಲ್ಲಗೆ ಸರಿಯುತ್ತಲೇ ಇರುವ ಸಾಲಿನಲ್ಲಿ ಇದನ್ನು ಮಾಡಲು ಹೋಗಬೇಡಿ.

ಮೂರನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದು ಪೂರ್ತಿಯಾಗಿ ನಮ್ಮ ಕಾಲಿನಲ್ಲಿದೆ. ಬೆಂಗಳೂರಿನಲ್ಲಿ ಮುಂದಿನ ಕಾರಿನೊಂದಿಗೆ ಸ್ವಲ್ಪ ಅಂತರ ಬಿಟ್ಟರೆ ಅಲ್ಲಿಗೆ ಒಂದು ಸ್ಕೂಟರೋ ಆಟೋವೋ ನುಗ್ಗುತ್ತದೆಂಬ ಭಯಕ್ಕೆ, ಎಲ್ಲರೂ ಒತ್ತಿ ಓಡಿಸಿ ಒತ್ತಿ ನಿಲ್ಲಿಸುತ್ತಾರೆ. ನುಗ್ಗಲಿ ಬಿಡಿ. ಎರಡನೇ ಗೇರಿನಲ್ಲಿ, ಆಕ್ಸಿಲರೇಟರಿನ ಮೇಲೆ ಕಾಲಿಟ್ಟೂ ಇಡದಂತೆ, ಮುಂದಿನ ಸಾಲಿನ ಸರಾಸರಿ ವೇಗಕ್ಕೆ ಹೊಂದಿಕೊಂಡು ಸಾಗಿದರೆ, ನಾಲ್ಕು ಸಲ ನಿಲ್ಲುವಲ್ಲಿ ಒಂದು ಸಲ ನಿಲ್ಲುತ್ತೀರಿ. ಕಣ್ಣು ಮುಂದಿನ ಕಾರಿನ ಬ್ರೇಕ್ ದೀಪದ ಮೇಲಲ್ಲ, ಅದರ ಆಚೆಗಿನ ಮೂರು ನಾಲ್ಕು ವಾಹನಗಳ ಮೇಲಿರಬೇಕು. ದೂರದ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಕಾಲು ತೆಗೆಯಿರಿ. ಅಲ್ಲಿಯವರೆಗೆ ವೇಗವಾಗಿ ಹೋಗಿ ನಿಲ್ಲುವುದರಿಂದ ಸಿಗುವುದು ಸಿಗ್ನಲ್ಲಿನಲ್ಲಿ ಕಾಯುವ ಹೊತ್ತು ಮಾತ್ರ. ಕಾರಿನ ಗತಿಯನ್ನು ಪೆಟ್ರೋಲ್ ಕೊಟ್ಟು ಕೊಂಡಿದ್ದೇವೆ. ಬ್ರೇಕ್ ಒತ್ತಿದಾಗಲೆಲ್ಲ ಅದನ್ನು ಬಿಸಿಯಾಗಿ ಗಾಳಿಗೆ ಬಿಡುತ್ತೇವೆ.

ಹಾಫ್ ಕ್ಲಚ್ಚಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದನ್ನೂ ಬಿಡಬೇಕು, ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸಬೇಕು. ಕ್ಲಚ್ ಪ್ಲೇಟ್ ಸವೆದು ಜಾರತೊಡಗಿದರೆ ಎಂಜಿನ್ ಕೊಟ್ಟ ಶಕ್ತಿ ಚಕ್ರಕ್ಕೆ ತಲುಪುವುದೇ ಇಲ್ಲ.

ಎ.ಸಿ. ಬಗ್ಗೆ ಕೇಳಿದ್ದೀರಿ. ಏಪ್ರಿಲ್ ತಿಂಗಳಿನಲ್ಲಿ ಆ ಹೊಗೆಯ ನಡುವೆ ಕಿಟಕಿ ತೆರೆದು ಕುಳಿತುಕೊಳ್ಳಿ ಎಂದು ನಾನಂತೂ ಹೇಳಲಾರೆ. ಬಿಸಿಲಿನಲ್ಲಿ ನಿಂತಿದ್ದ ಕಾರಿನ ಕಿಟಕಿಗಳನ್ನು ಮೊದಲ ಒಂದೆರಡು ನಿಮಿಷ ತೆರೆದು ಒಳಗಿನ ಕಾದ ಗಾಳಿಯನ್ನು ಹೊರಗೆ ಕಳಿಸಿ, ಆಮೇಲೆ ಎ.ಸಿ. ಹಾಕಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿ. ತಣ್ಣಗಾದ ಮೇಲೆ ಫ್ಯಾನಿನ ವೇಗವನ್ನು ತಗ್ಗಿಸಿ; ಕಂಪ್ರೆಸರ್ ಹೆಚ್ಚು ಹೊತ್ತು ವಿಶ್ರಾಂತಿ ಪಡೆಯುತ್ತದೆ. ಸಾಧಾರಣ ಎ.ಸಿ.ಗಳಲ್ಲಿ ಉಷ್ಣತೆಯ ಗುಂಡಿಯನ್ನು ನಡುವಿಗೆ ತಿರುಗಿಸಿದರೆ ತಂಪು ಗಾಳಿಗೆ ಹೀಟರಿನ ಬಿಸಿ ಗಾಳಿ ಬೆರೆಯುತ್ತದೆಯೇ ಹೊರತು ಪೆಟ್ರೋಲ್ ಹೇಳಿಕೊಳ್ಳುವಷ್ಟು ಉಳಿಯುವುದಿಲ್ಲ.


ಉತ್ತರ 3: ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಧ್ಯಾಪಕಿ, ದಾವಣಗೆರೆ

ಮಹದೇವಪುರದವರು ಬ್ರೇಕಿನ ಬಗ್ಗೆ ಹೇಳಿದ ಮಾತಿಗೆ ಲೆಕ್ಕವನ್ನು ಜೋಡಿಸುತ್ತೇನೆ. ಚಾಲಕನೂ ಸೇರಿ 1,100 ಕಿಲೋ ತೂಗುವ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ ಸುಮಾರು 153 ಕಿಲೋಜೂಲ್. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗವೆಂದಿಟ್ಟುಕೊಂಡರೆ, ನಿಂತಲ್ಲಿಂದ ಆ ವೇಗಕ್ಕೆ ತರಲು ಹತ್ತಿರಹತ್ತಿರ 20 ಮಿಲಿಲೀಟರ್ ಪೆಟ್ರೋಲ್ ಬೇಕು. ಅರವತ್ತರಿಂದ ಸೊನ್ನೆಗೆ ಐವತ್ತು ಸಲ ಬ್ರೇಕ್ ಹಾಕಿದರೆ ಒಂದು ಲೀಟರ್ ಹೋಯಿತು. ವೇಗದ ವರ್ಗಕ್ಕೆ ಅನುಗುಣವಾಗಿ ಈ ಶಕ್ತಿ ಬದಲಾಗುವುದರಿಂದ, ಎರಡು ಸಿಗ್ನಲ್ಲುಗಳ ನಡುವೆ 60ಕ್ಕೆ ಬದಲು 40ರವರೆಗೆ ಮಾತ್ರ ಏರಿದರೆ ಪ್ರತಿ ನಿಲುಗಡೆಯ ನಷ್ಟ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನಗರದಲ್ಲಿ ಮೈಲೇಜ್ ಇಳಿಯುವುದಕ್ಕೆ, ಸುಮ್ಮನೆ ನಿಂತಿರುವುದರ ಜೊತೆಗೆ, ಇದೇ ಮುಖ್ಯ ಕಾರಣ.

ಈಗ ನ್ಯೂಟ್ರಲ್ ವಿಚಾರ. ನಿಮ್ಮ ಮಾವನವರು ಹೇಳುವುದು ಅವರ ಅನುಭವದಿಂದ ಬಂದ ಮಾತು, ಅದಕ್ಕೆ ಆಧಾರವೂ ಇತ್ತು. ಅಂಬಾಸಿಡರ್, ಪದ್ಮಿನಿ ಮುಂತಾದ ಕಾರ್ಬ್ಯುರೇಟರ್ ಕಾರುಗಳಲ್ಲಿ, ಆಕ್ಸಿಲರೇಟರ್ ಬಿಟ್ಟಿದ್ದರೂ ತಿರುಗುತ್ತಿರುವ ಎಂಜಿನ್ ಗಾಳಿಯನ್ನು ಎಳೆಯುತ್ತಿತ್ತು, ಗಾಳಿಯ ಜೊತೆಗೆ ಪೆಟ್ರೋಲೂ ಬರುತ್ತಿತ್ತು. ಗೇರಿನಲ್ಲಿ ಎಂಜಿನ್ ಎಷ್ಟು ಜೋರಾಗಿ ತಿರುಗಿದರೆ ಅಷ್ಟು ಹೆಚ್ಚು. ಇಂಜೆಕ್ಷನ್ ಇರುವ ನಿಮ್ಮ ಕಾರಿನಲ್ಲಿ ಹಾಗಲ್ಲ. ಕಾರು ಗೇರಿನಲ್ಲಿದ್ದು, ನೀವು ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದಾಗ, ಎಂಜಿನ್ ಬಿಸಿಯಾಗಿದ್ದು ಅದರ ವೇಗ ಐಡಲಿಂಗ್‌ಗಿಂತ ಸಾಕಷ್ಟು ಮೇಲಿದ್ದರೆ, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಇಂಜೆಕ್ಟರುಗಳನ್ನು ಮುಚ್ಚಿಬಿಡುತ್ತದೆ. ಆಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪೆಟ್ರೋಲಿನ ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದ ಕ್ಷಣವೇ ಎಂಜಿನ್ ಆರಿಹೋಗದಂತೆ ಮತ್ತೆ ಪೆಟ್ರೋಲ್ ಕೊಡಲೇಬೇಕಾಗುತ್ತದೆ. ಅಂದರೆ ಶಿರಾಡಿಯ ಇಳಿಜಾರಿನಲ್ಲಿ ನ್ಯೂಟ್ರಲ್ ಉಳಿತಾಯವಲ್ಲ, ಖರ್ಚು.

ಮೆಲ್ಲನೆಯ ಇಳಿಜಾರಿನಲ್ಲಿ ಗೇರಿನಲ್ಲಿಟ್ಟರೆ ಕಾರಿನ ವೇಗ ಇಳಿದುಬಿಡುತ್ತದೆ, ನ್ಯೂಟ್ರಲ್‌ನಲ್ಲಿ ಇನ್ನಷ್ಟು ದೂರ ಉರುಳುತ್ತದೆ ಎಂದು ಕೆಲವರು ವಾದಿಸುತ್ತಾರೆ. ಭೌತಶಾಸ್ತ್ರದ ದೃಷ್ಟಿಯಿಂದ ಅದು ಸುಳ್ಳಲ್ಲ. ಆದರೆ ಅಂಥ ಕಡೆ ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಮುಟ್ಟಿದರೂ ಸಾಕಾಗುವುದರಿಂದ ವ್ಯತ್ಯಾಸ ತೀರಾ ಚಿಕ್ಕದು. ಅಷ್ಟಕ್ಕಾಗಿ ಕಾರಿನ ಮೇಲಿನ ಹತೋಟಿಯನ್ನು ಬಿಟ್ಟುಕೊಡುವುದನ್ನು ನಾನು ಒಪ್ಪುವುದಿಲ್ಲ. ಘಾಟಿಯಲ್ಲಿ ಎಂಜಿನ್ನಿನ ತಡೆ ಇಲ್ಲದಿದ್ದರೆ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿತ ಕುಗ್ಗುತ್ತದೆ, ತಿರುವಿನಲ್ಲಿ ಎದುರಿಗೆ ಟ್ಯಾಂಕರ್ ಬಂದಾಗ ವೇಗವಾಗಿ ತಪ್ಪಿಸಿಕೊಳ್ಳಲು ಗೇರೂ ಇರುವುದಿಲ್ಲ. ಎಂಜಿನ್ನನ್ನೇ ಆರಿಸಿ ಇಳಿಯುವವರಿದ್ದಾರೆಂದು ಕೇಳಿದ್ದೇನೆ. ಅದಂತೂ ಪ್ರಾಣಕ್ಕೇ ಅಪಾಯ. ಎಂಜಿನ್ ಆರಿದ ಮೇಲೆ ಬ್ರೇಕಿಗೆ ಸಹಾಯ ಮಾಡುವ ನಿರ್ವಾತ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಕೀಲಿ ತೆಗೆದರೆ ಲಾಕ್ ಆಗಿಯೇ ಬಿಡಬಹುದು. ಏರುವಾಗ ಯಾವ ಗೇರ್ ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರ್ ಎಂಬ ಹಳೆಯ ನಿಯಮವೇ ಇಲ್ಲಿ ಪೆಟ್ರೋಲನ್ನೂ ಉಳಿಸುತ್ತದೆ.

ಘಾಟಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಜನ, ಸಾಮಾನು ಎಲ್ಲ ಸೇರಿ 1,300 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು. ಸುಮಾರು 350 ಕಿಲೋಮೀಟರಿನ ಈ ದಾರಿಯಲ್ಲಿ, ಊರಿನಿಂದ ಬೆಂಗಳೂರಿಗೆ ಬರುವಾಗಿನ ಮೈಲೇಜ್ ಹೋಗುವಾಗಿನದಕ್ಕಿಂತ ಕಡಿಮೆ ಕಂಡರೆ ಕಾರಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಊರಿನಿಂದ ತರುವ ಅಕ್ಕಿ, ತೆಂಗಿನಕಾಯಿಗಳನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ, ಛಾವಣಿಯ ಮೇಲೆ ಕ್ಯಾರಿಯರ್ ಇದ್ದರೆ ಬಳಕೆಯಿಲ್ಲದಾಗ ಬಿಚ್ಚಿಡಿ. ಖಾಲಿ ಕ್ಯಾರಿಯರ್ ಕೂಡ ಗಾಳಿಯನ್ನು ತಡೆಯುತ್ತದೆ.

ಗಾಳಿಯ ತಡೆಯೂ ವೇಗದ ವರ್ಗದಂತೆಯೇ ಬೆಳೆಯುತ್ತದೆ. 80ರಿಂದ 100ಕ್ಕೆ ಏರಿದರೆ ಅದು ಶೇಕಡಾ 56ರಷ್ಟು ಹೆಚ್ಚಾಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ 119 ಕಿಲೋಮೀಟರನ್ನು ನೂರರ ಬದಲು ಎಂಬತ್ತರಲ್ಲಿ ಕ್ರಮಿಸಿದರೆ ತಡವಾಗುವುದು ಸುಮಾರು 18 ನಿಮಿಷ. ಅದು ನಿಮಗೆ ಬೇಕೋ ಪೆಟ್ರೋಲ್ ಬೇಕೋ ಎಂಬುದು ನಿಮ್ಮ ಆಯ್ಕೆ, ಆದರೆ ನಾನು ಎಂಬತ್ತೈದರಲ್ಲಿ ಎಡದ ಸಾಲಿನಲ್ಲೇ ಹೋಗುತ್ತೇನೆ. ಆ ವೇಗದಲ್ಲಿ ಕಿಟಕಿ ತೆರೆಯುವುದಕ್ಕಿಂತ ಮುಚ್ಚಿ ಎ.ಸಿ. ಹಾಕುವುದು ಸೂಕ್ತ.

ಯಾರೂ ಹೇಳದ ಒಂದು ಕಾರಣ ಉಳಿದಿದೆ, ಅದು ಬಂಕಿನಲ್ಲಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಎಲ್ಲೆಡೆ ಸಿಗುವುದು ಹೆಚ್ಚಾಗಿ ಅದೇ. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಲೀಟರ್ ಎಥನಾಲಿನಲ್ಲಿ ಸುಮಾರು 21 ಮಾತ್ರ. ಹಾಗಾಗಿ ಶೇಕಡಾ 20ರ ಮಿಶ್ರಣದಲ್ಲಿ ಶುದ್ಧ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಶೇಕಡಾ 7ರಷ್ಟು, ಹಿಂದಿನ ಶೇಕಡಾ 10ರ ಮಿಶ್ರಣಕ್ಕಿಂತ ಶೇಕಡಾ 3ರಿಂದ 4ರಷ್ಟು ಶಕ್ತಿ ಕಡಿಮೆ ಇರುತ್ತದೆ. ನೀತಿ ಆಯೋಗದ 2021ರ ವರದಿಯೂ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಶೇಕಡಾ 6ರಿಂದ 7ರಷ್ಟು, ಶೇಕಡಾ 10ಕ್ಕೆ ವಿನ್ಯಾಸಗೊಂಡು 20ಕ್ಕೆ ಹೊಂದಿಸಿದವುಗಳಲ್ಲಿ ಶೇಕಡಾ 1ರಿಂದ 2ರಷ್ಟು ಇಳಿಕೆಯನ್ನು ಅಂದಾಜಿಸಿತ್ತು. ನಿಮ್ಮ ನಷ್ಟದಲ್ಲಿ ಇದರದ್ದು ಚಿಕ್ಕ ಪಾಲು, ಆದರೆ ಇದೆ. ಚಾಲಕರು ಇದನ್ನು ತಿಳಿದಿರಬೇಕು, ಇಲ್ಲವಾದರೆ ಇಲ್ಲದ ದೋಷವನ್ನು ಹುಡುಕುತ್ತಾ ಗ್ಯಾರೇಜಿಗೆ ಅಲೆಯುತ್ತಾರೆ.

ಹಾಸನದವರಿಗೆ ಒಂದು ವಿನಯಪೂರ್ವಕ ತಿದ್ದುಪಡಿ. ಏರ್ ಫಿಲ್ಟರ್ ಬದಲಿಸುವುದು ಎಂಜಿನ್ನಿನ ಆರೋಗ್ಯಕ್ಕೆ ಅಗತ್ಯವೇ ಸರಿ, ಆದರೆ ಮೈಲೇಜಿಗಾಗಿ ಅದರ ಮೇಲೆ ಭರವಸೆ ಇಡುವಂತಿಲ್ಲ. ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುವ ವ್ಯವಸ್ಥೆಯಲ್ಲಿ, ಕಟ್ಟಿದ ಫಿಲ್ಟರ್ ಕಾರಿನ ಚುರುಕನ್ನು ಕುಂದಿಸುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಅಂಥ ಕಾರುಗಳ ಮೈಲೇಜ್ ಗಮನಾರ್ಹವಾಗಿ ಬದಲಾಗಲಿಲ್ಲ.


ಪ್ರಶ್ನೆ ಕೇಳಿದವರ ಮರುಪ್ರಶ್ನೆ: ಪುತ್ತೂರಿನವ, ಈಗ ಜಯನಗರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನ್ಯೂಟ್ರಲ್ ಕುರಿತ ಮೇಡಂ ಅವರ ವಿವರಣೆಯನ್ನು ಮಾವನವರಿಗೆ ಓದಿ ಹೇಳಿದೆ. ಕಾರ್ಬ್ಯುರೇಟರಿನ ಕಾರಣ ಕೇಳಿದ ಮೇಲೆ ಅವರಿಗೂ ಒಪ್ಪಿಗೆಯಾಯಿತು. ಕಾರನ್ನು ತಳ್ಳಿ ನೋಡಿದೆ, ಸುಲಭವಾಗಿಯೇ ಉರುಳುತ್ತದೆ, ಯಾವ ಚಕ್ರವೂ ಬಿಸಿಯಾಗುತ್ತಿಲ್ಲ. ಆದರೆ ಇಷ್ಟು ದಿನ ಲಕ್ಷ್ಯಕ್ಕೆ ಬಾರದಿದ್ದ ಒಂದು ಸಂಗತಿ ಈಗ ಕಣ್ಣಿಗೆ ಬಿದ್ದಿದೆ. ಎಂಜಿನ್ ಉಷ್ಣತೆಯ ಮುಳ್ಳು ಹಿಂದೆ ನಡುವಿನಲ್ಲಿ ಬಂದು ನಿಲ್ಲುತ್ತಿತ್ತು. ಈಗ ಕಾಲು ಭಾಗದ ಮೇಲೆ ಏರುವುದೇ ಅಪರೂಪ, ಬೆಳಗಿನ ಹೊತ್ತು ಮೇಲ್ಸೇತುವೆಯ ಮೇಲೆ ವೇಗವಾಗಿ ಹೋದಾಗ ಇನ್ನೂ ಕೆಳಗಿಳಿಯುತ್ತದೆ. ಎಂಜಿನ್ ತಣ್ಣಗಿರುವುದು ಒಳ್ಳೆಯದೇ ಅಲ್ಲವೇ?


ಉತ್ತರ 4: ಗ್ಯಾರೇಜ್ ನಡೆಸುವವರು, ಹಾಸನ

ಒಳ್ಳೆಯದಲ್ಲ. ನಿಮ್ಮ ಕಾರಿನ ದೋಷ ಬಹುಶಃ ಇಲ್ಲಿಯೇ ಇದೆ. ಫಿಲ್ಟರಿನ ಬಗ್ಗೆ ಮೇಡಂ ಹೇಳಿದ್ದು ಸರಿಯಾಗಿದೆ, ಒಪ್ಪುತ್ತೇನೆ; ಈಗ ಥರ್ಮೋಸ್ಟಾಟ್ ವಿಚಾರಕ್ಕೆ ಬರುತ್ತೇನೆ.

ಎಂಜಿನ್ ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದಂತೆ ತಡೆದು, 80ರಿಂದ 90 ಡಿಗ್ರಿಯ ಹತ್ತಿರ ಬಂದಾಗ ತಾನಾಗಿ ತೆರೆದುಕೊಳ್ಳುವ ಸಣ್ಣ ಕವಾಟವೇ ಥರ್ಮೋಸ್ಟಾಟ್. ಅದು ತೆರೆದೇ ಉಳಿದುಬಿಟ್ಟರೆ ನೀರು ಸದಾ ರೇಡಿಯೇಟರಿನಲ್ಲಿ ಸುತ್ತುತ್ತಾ ಎಂಜಿನ್ ಕಾಯುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಹೋಗುತ್ತದೆ, ಆಯಿಲ್ ತೆಳುವಾಗದೆ ಘರ್ಷಣೆ ಹೆಚ್ಚುತ್ತದೆ. ಇಳಿಜಾರಿನಲ್ಲಿ ಇಂಜೆಕ್ಟರ್ ಮುಚ್ಚುವ ಉಳಿತಾಯವೂ, ಮೇಡಂ ಹೇಳಿದಂತೆ ಎಂಜಿನ್ ಬಿಸಿಯಾಗಿದ್ದರೆ ತಾನೇ ಸಿಗುವುದು? ನಿಮ್ಮ ಕಾರು ಬೆಂಗಳೂರಿನಲ್ಲಿ ಚಿಕ್ಕ ದೂರ ಓಡುವುದರಿಂದ ಈ ನಷ್ಟ ಇನ್ನೂ ಹೆಚ್ಚು ಕಾಣುತ್ತದೆ.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತಿದ್ದ ಕಾರನ್ನು ಬೆಳಗ್ಗೆ ಚಾಲೂ ಮಾಡಿ, ಬಾನೆಟ್ ತೆರೆದು, ಫ್ಯಾನಿನಿಂದಲೂ ಬೆಲ್ಟಿನಿಂದಲೂ ಕೈಯನ್ನು ದೂರವಿಟ್ಟು, ಎಂಜಿನ್ನಿನಿಂದ ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ದಪ್ಪ ರಬ್ಬರ್ ಪೈಪನ್ನು ಹೊರಗಿನಿಂದ ಮುಟ್ಟಿ ನೋಡುತ್ತಿರಿ. ಸರಿಯಾದ ಕಾರಿನಲ್ಲಿ ಅದು ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯಾಗುತ್ತದೆ. ಮೊದಲಿನಿಂದಲೇ ಎಂಜಿನ್ನಿನ ಜೊತೆಜೊತೆಗೆ ಮೆಲ್ಲಗೆ ಬೆಚ್ಚಗಾಗುತ್ತಾ ಬಂದರೆ ಕವಾಟ ತೆರೆದೇ ಇದೆ, ಅಥವಾ ಅದು ಅಲ್ಲಿ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ಗಾಡಿ ಕಾಯುತ್ತದೆಂದು ದೂರಿದವರ ಕಾರಿನಿಂದ ಥರ್ಮೋಸ್ಟಾಟನ್ನೇ ಕಿತ್ತು ಹಾಕಿ ಕಳಿಸುವ ಪದ್ಧತಿ ನಮ್ಮ ವೃತ್ತಿಯಲ್ಲಿ ಇಂದಿಗೂ ಉಳಿದಿದೆ, ಇದು ನಿಲ್ಲಲೇಬೇಕು. ಹಿಂದೆ ಯಾವಾಗಲಾದರೂ ಕೂಲಿಂಗ್ ಕೆಲಸ ಮಾಡಿಸಿದ್ದರೆ ಆ ಬಿಲ್ಲನ್ನು ಹುಡುಕಿ ನೋಡಿ.

ಥರ್ಮೋಸ್ಟಾಟ್ ದುಬಾರಿ ಭಾಗವಲ್ಲ. ಕಂಪನಿಯದ್ದನ್ನೇ ಹಾಕಿಸಿ, ಅದರ ಜೊತೆಗೆ ಗ್ಯಾಸ್ಕೆಟ್ಟನ್ನೂ ಬದಲಿಸಿ, ಕೂಲಂಟನ್ನು ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲಿ ತುಂಬಿಸಿ, ಒಳಗೆ ಸಿಕ್ಕ ಗಾಳಿಯನ್ನು ಪೂರ್ತಿ ಬಿಡಿಸಲು ಹೇಳಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ. ಆಮೇಲೆ ಮುಳ್ಳು ನಡುವಿಗೆ ಬಂದು ನಿಂತರೆ, ಅದೇ ಬಂಕು, ಅದೇ ಪಂಪು, ಮತ್ತೆ ಮೂರು ನಾಲ್ಕು ಟ್ಯಾಂಕಿನ ಲೆಕ್ಕ ತೆಗೆದು ಇಲ್ಲಿ ಬರೆಯಿರಿ. ನಿಮ್ಮ ದಾರಿಗೆ ಮಹದೇವಪುರದವರು ಹೇಳಿದ ಹದಿಮೂರು ಹದಿನಾಲ್ಕರ ಹತ್ತಿರಕ್ಕಾದರೂ ಅದು ಬರಬೇಕೆಂಬುದು ನನ್ನ ಅಂದಾಜು; ಬಾರದಿದ್ದರೆ ಆಕ್ಸಿಜನ್ ಸೆನ್ಸರ್ ಮತ್ತು ಉಷ್ಣತೆಯ ಸೆನ್ಸರ್ ಎರಡರ ಅಂಕಿಗಳನ್ನೂ ಸ್ಕ್ಯಾನರಿನಲ್ಲಿ ತೆಗೆಸಿ ಕಳಿಸಿ, ಮುಂದೆ ನೋಡೋಣ.